ಚಪ್ಪಾಳೆ ತಟ್ಟಬೇಡಿ ಅಂದವರು

ಸುದ್ದಿ ಬಂದಾಗ ನಾನು ಬೋರ್ಡಿನ ಮೇಲೆ ‘ನನಗೆ ನಾಳೆ ರಜೆ ಬೇಕು’ ಎಂದು ಬರೆಯುತ್ತಿದ್ದೆ. ಬಾಶೆಟ್ಟಿಹಳ್ಳಿಯ ನಮ್ಮ ಸಂಜೆ ತರಗತಿ ಅದು. ಮೊದಲ ಶಿಫ್ಟು ಮುಗಿಸಿದ ಹೆಂಗಸರು ಊಟದ ಚೀಲಗಳನ್ನು ಪಕ್ಕಕ್ಕಿಟ್ಟುಕೊಂಡು ಕೂತಿದ್ದರು. ‘ರಜೆ’ ಬರೆದಿದ್ದೆ, ‘ಬೇಕು’ ಬಾಕಿಯಿತ್ತು. ಮೇಜಿನ ಮೇಲಿದ್ದ ಫೋನು ನಡುಗಿತು. ನಮ್ಮ ಶಿಕ್ಷಕರ ಗುಂಪಿಗೆ ಶಿವಣ್ಣ ಮೆಸೇಜು ಹಾಕಿದ್ದರು, ಮೇಡಂ ಹೋಗ್ಬಿಟ್ರು ಅಂತ. ಓದಿದೆ. ಫೋನು ಬೋರಲು ಹಾಕಿದೆ. ‘ಬೇಕು’ ಬರೆದೆ. ತರಗತಿ ಪೂರ್ತಿ ಮುಗಿಸಿ, ಬೀಗ ಹಾಕಿ, ಮನೆಗೆ ಹೋಗಿ ಸಾರಿಗೆ ಬೇಳೆ ಇಟ್ಟೆ.

ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಡುತ್ತಾರಲ್ಲ, ಆಮೇಲೆ ನಮ್ಮ ತುಟಿ ನಾವೇ ಮುಟ್ಟಿಕೊಂಡರೂ ಬೇರೆ ಯಾರದೋ ಅನ್ನಿಸುತ್ತದಲ್ಲ, ಹಾಗಿದ್ದೇನೆ. ಅದು ಇಳಿದ ಮೇಲೆ ನೋವು ಬರುತ್ತದೆ ಅನ್ನುತ್ತಾರೆ. ಬಂದಾಗ ನೋಡಿಕೊಂಡರಾಯಿತು.

ಮಾರನೆಯ ದಿನ ಮಣ್ಣಿಗೆ ಹೋದೆವು. ದೊಡ್ಡಬಳ್ಳಾಪುರದ ಅವರ ಮನೆ ಮುಂದೆ ಶಾಮಿಯಾನ ಹಾಕಿದ್ದರು. ಪಕ್ಕದ ಮನೆಯ ಮಗ್ಗಗಳನ್ನು ಅವತ್ತೊಂದು ದಿನ ನಿಲ್ಲಿಸಿದ್ದರಿಂದ ಆ ಬೀದಿ ಬೀದಿಯ ಹಾಗೇ ಇರಲಿಲ್ಲ. ಮೇಡಂ ಅವರ ಮಗ ಬಂದವರನ್ನೆಲ್ಲ ಮಾತಾಡಿಸಿದರು, ಶಿವಣ್ಣನ ಕೈ ಹಿಡಿದುಕೊಂಡರು. ನನ್ನನ್ನು ಮಾತ್ರ ಮಾತಾಡಿಸಲಿಲ್ಲ. ನನಗೇನೂ ಕೋಪವಿಲ್ಲ. ಅವರ ಪ್ರಕಾರ, ಅವರಮ್ಮ ಮತ್ತೆ ಓದಲು, ಮಾತಾಡಲು ಇದ್ದ ಒಂದೇ ದಾರಿಯನ್ನು ಮುಚ್ಚಿದವಳು ನಾನು. ನಾನು ಮಾಡಿದ್ದು ಸರಿಯೇ ಅಲ್ಲವೇ ಎಂಬುದನ್ನು ಕೇಳಬಹುದಾಗಿದ್ದ ಒಬ್ಬರೇ ಒಬ್ಬರು ಈಗ ಇಲ್ಲ.

ಮೇಡಂ ಅಂದರೆ ನಮ್ಮ ಮೇಡಂ. ಕಲಿಸುವವರಿಗೆ ಕಲಿಸುತ್ತಿದ್ದವರು. ದೊಡ್ಡವರಿಗೆ ಅಕ್ಷರ ಹೇಳಿಕೊಡುವ, ಫ್ಯಾಕ್ಟರಿ ಕೆಲಸಗಾರರಿಗೆ ಇಂಗ್ಲಿಷ್ ಹೇಳಿಕೊಡುವ ಒಂದು ಸಣ್ಣ ಸಂಸ್ಥೆ ನಮ್ಮದು. ನಾವೆಲ್ಲ ಬೆಳಗ್ಗೆ ಬೇರೆ ಬೇರೆ ಕೆಲಸ ಮಾಡಿಕೊಂಡು ಸಂಜೆ ಪಾಠ ಮಾಡುವವರು. ನಾನು ಕುಂದಾಣದ ಕಡೆಯವಳು, ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದೆ. ಹಗಲು ಒಂದು ಪ್ರೈವೇಟ್ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಟೀಚರು. ಶಿವಣ್ಣ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವರು. ನಮಗೆ ತಿಂಗಳಿಗೊಂದು ಶನಿವಾರ ತರಬೇತಿ, ಮಗ್ಗಗಳನ್ನು ಮಾರಿ ಖಾಲಿ ಬಿದ್ದಿದ್ದ ಒಂದು ಶೆಡ್ಡಿನಲ್ಲಿ. ನೆಲದಲ್ಲಿ ಮಗ್ಗದ ಬೋಲ್ಟುಗಳು ಇನ್ನೂ ತಲೆ ಎತ್ತಿಕೊಂಡಿದ್ದವು, ಎಡವದ ಶಿಕ್ಷಕರು ಯಾರೂ ಇಲ್ಲ.

ತರಬೇತಿ ಅಂದರೇನು ಅಂತ ನನಗೆ ಮೊದಲೇ ಚೆನ್ನಾಗಿ ಗೊತ್ತಿತ್ತು. ಪ್ರೊಜೆಕ್ಟರು, ಪಲಾವು, ಕೊನೆಗೊಂದು ಗ್ರೂಪ್ ಫೋಟೋ. ಹಾಗಾಗಿ ಮೊದಲ ಶನಿವಾರ ತಲೆಗೆ ಸ್ನಾನ ಮಾಡಿ, ಹೂ ಮುಡಿದು, ಒಳ್ಳೆ ಸೀರೆ ಉಟ್ಟುಕೊಂಡು ಹೋದೆ. ಮೇಡಂ ನಮ್ಮನ್ನು ಕೂರಲೇ ಬಿಡಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಬಣ್ಣ ಬಣ್ಣದ ನೂಲಿನ ತುಂಡುಗಳ ಗುಡ್ಡೆಯಿತ್ತು. ನಿಂತುಕೊಂಡೇ ಬಣ್ಣ ಬೇರೆ ಮಾಡಿ ಅಂದರು. ನಾನು ನಗುತ್ತಾ ಶುರು ಮಾಡಿದೆ. ಸೊಂಟ ಬಿದ್ದುಹೋಗುವವರೆಗೆ ಮಾಡಿಸಿದರು. ಆಮೇಲೆ ಕೂರಿಸಿ, ಈಗ ಪಾಠ ಅಂದರು.

ಪಾಠ ಹೇಳಲು ಬಂದವಳು ಸಬಿತಾ. ಒಡಿಶಾದ ಹುಡುಗಿ, ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ, ಶಿವಣ್ಣನ ಹತ್ತಿರ ಕನ್ನಡ ಕಲಿಯುತ್ತಿದ್ದಳು. ಅವಳು ನಮಗೆ ಒಡಿಯಾ ಅಕ್ಷರ ಕಲಿಸಬೇಕಿತ್ತು. ಎಲ್ಲ ಅಕ್ಷರವೂ ಬಳೆ ಇಟ್ಟ ಹಾಗೆ ಗುಂಡಗೆ, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಕಾಣದು. ಮೈಯೆಲ್ಲ ನೋವು, ಮನೆಯಲ್ಲಿ ಅಡುಗೆ ಬಾಕಿ, ಕಣ್ಣು ಎಳೆಯುತ್ತಿದೆ, ತಲೆಗೆ ಏನೂ ಹೋಗುತ್ತಿಲ್ಲ. ಶಿವಣ್ಣ ಮೂರನೇ ಸಲ ತಪ್ಪು ಹೇಳಿದಾಗ ಸಬಿತಾ ತೊಡೆ ತಟ್ಟಿಕೊಂಡು, “ಎಷ್ಟು ಸಲ ಹೇಳೋದಪ್ಪಾ ನಿಮ್ಗೆ? ಮನೇಲಿ ಓದ್ತೀರೋ ಇಲ್ವೋ?” ಅಂದಳು. ಅಚ್ಚ ಕನ್ನಡದಲ್ಲಿ, ಶಿವಣ್ಣನದೇ ರಾಗದಲ್ಲಿ, ಶಿವಣ್ಣನ ಹಾಗೇ ತೊಡೆ ತಟ್ಟಿಕೊಂಡು. ಪಾಪ, ಅವಳಿಗೆ ಗೇಲಿ ಮಾಡುವ ಉದ್ದೇಶವಿರಲಿಲ್ಲ. ಪಾಠ ಹೇಳುವುದು ಅಂದರೆ ಹಾಗೇ ಅಂದುಕೊಂಡಿದ್ದಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು, ಶಿವಣ್ಣನ ಕಿವಿ ಕೆಂಪಾಯಿತು. ಮೇಡಂ ಮಾತ್ರ ನಗಲೂ ಇಲ್ಲ, ಉಪದೇಶ ಮಾಡಲೂ ಇಲ್ಲ. ಮುಂದಿನ ತಿಂಗಳು ಬನ್ನಿ ಅಂದು ಹೆಲ್ಮೆಟ್ಟು ಕೈಗೆ ನೇತುಹಾಕಿಕೊಂಡು ಹೊರಟೇಬಿಟ್ಟರು.

ಅವರ ಬಗ್ಗೆ ನನಗೆ ಗೊತ್ತಿರುವುದು ಕಡಿಮೆ. ಎಲ್ಲಿ ಓದಿದರು, ಏನು ಓದಿದರು ಎಂದು ಕೇಳಿದರೆ ಮಾತು ಮರೆಸುತ್ತಿದ್ದರು. ಗಿಡ್ಡಗಿದ್ದರು. ಕನ್ನಡಕ ತಲೆ ಮೇಲೇರಿಸಿಕೊಂಡು ಊರೆಲ್ಲ ಹುಡುಕುತ್ತಿದ್ದರು. ನಮ್ಮ ಪೆನ್ನು ಇಸಕೊಂಡರೆ ಅದು ಹೋದ ಹಾಗೇ. ನನ್ನ ಮಗಳ ಹೆಸರನ್ನು ಎಷ್ಟು ವರ್ಷ ಹೇಳಿದರೂ ನೆನಪಿಟ್ಟುಕೊಳ್ಳಲಿಲ್ಲ, ನನ್ನ ತರಗತಿಯ ಹೆಂಗಸರ ಹೆಸರು ಮಾತ್ರ ಊರು ಸಮೇತ ಹೇಳುತ್ತಿದ್ದರು. ಒಳ್ಳೆಯ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಇದೇ ಕಾರಣಕ್ಕೆ ಎಷ್ಟೋ ಜನ ಬಿಟ್ಟುಹೋದರು. ನಾನೂ ಬಿಡುತ್ತೇನೆ ಎಂದು ಗಂಡನ ಹತ್ತಿರ ಹೇಳದ ಶನಿವಾರವಿಲ್ಲ.

ಒಳ್ಳೆಯ ಮಾತಿನ ಬದಲು ಅವರದೊಂದು ಪದ್ಧತಿಯಿತ್ತು. ತರಬೇತಿಯ ನಡುವೆ ಎದುರಿನ ಅಂಗಡಿಯಿಂದ ಫ್ಲಾಸ್ಕಿನಲ್ಲಿ ಟೀ ಬರುತ್ತಿತ್ತು. ನಮಗೆಲ್ಲ ಪೇಪರ್ ಕಪ್ಪು, ಅವರಿಗೆ ಮಾತ್ರ ಮನೆಯಿಂದ ತಂದ ಸ್ಟೀಲ್ ಲೋಟ. ಅವತ್ತು ಯಾರಾದರೂ ನಿಜವಾಗಿ ಚೆನ್ನಾಗಿ ಪಾಠ ಮಾಡಿ ತೋರಿಸಿದ್ದರೆ, ಅವರ ಹತ್ತಿರ ಹೋಗಿ, ಏನೂ ಹೇಳದೆ, ತಮ್ಮ ಲೋಟದಿಂದ ಅರ್ಧ ಟೀಯನ್ನು ಅವರ ಕಪ್ಪಿಗೆ ಬಗ್ಗಿಸುತ್ತಿದ್ದರು. ನಾವದನ್ನು ‘ಬೈ ಟೂ’ ಅನ್ನುತ್ತಿದ್ದೆವು. ಏನ್ ಗುರು, ಇವತ್ತು ಬೈ ಟೂ ಆಯ್ತಂತೆ ಅಂತ ಒಬ್ಬರನ್ನೊಬ್ಬರು ಚುಡಾಯಿಸುತ್ತಿದ್ದೆವು. ತೊಡೆ ತಟ್ಟುವುದನ್ನು ಬಿಟ್ಟ ಶಿವಣ್ಣನಿಗೆ ಒಂದು ವರ್ಷದೊಳಗೇ ಸಿಕ್ಕಿತು. ಆ ಕಪ್ಪನ್ನು ಬಿಸಾಡದೆ ಜೇಬಿನಲ್ಲಿಟ್ಟುಕೊಂಡು ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನನಗೆ ಸಿಗಲಿಲ್ಲ. ಬೇಕಾಗಿಲ್ಲ ಅಂತ ಬಾಯಲ್ಲಿ ಹೇಳುತ್ತಿದ್ದೆ. ಬೇಕಿತ್ತು.

ಒಂದು ಸಲ ಹತ್ತಿರಕ್ಕೆ ಬಂದಿತ್ತು. ಪುಸ್ತಕದ ಪಾಠ ಬಿಡಿ, ಬೀದಿಯಲ್ಲಿ ಬರೆದದ್ದನ್ನು ಓದಿಸಿ ಅನ್ನುತ್ತಿದ್ದರು ಮೇಡಂ. ಸರಿ ಅಂತ ನಾನು ನಮ್ಮ ವಾರ್ಡಿನ ನೀರಿನ ಟ್ಯಾಂಕಿನ ಗೋಡೆಗೆ ಅಂಟಿಸಿದ್ದ ಸೂಚನೆಯನ್ನು ಬರೆದುಕೊಂಡು ಬಂದು ಬೋರ್ಡಿನ ಮೇಲೆ ಹಾಕಿದೆ. ಮೇಡಂ ಅವತ್ತು ತರಗತಿ ನೋಡಲು ಬಂದು, ಯಾವತ್ತಿನ ಹಾಗೆ ಹಿಂದುಗಡೆ ಹೆಂಗಸರ ಪಕ್ಕ ನೆಲದಲ್ಲಿ ಕೂತಿದ್ದರು. ನಮ್ಮ ವಾರ್ಡಿನಿಂದಲೇ ತರಗತಿಗೆ ಬರುತ್ತಿದ್ದ ಮುನಿರತ್ನಮ್ಮ ಎದ್ದು ನಿಂತು ಬೆರಳಿಟ್ಟು ಓದಿದರು. ನಾಳೆ. ನೀರು. ಬರುವುದಿಲ್ಲ. ಮೊದಲ ಸಲ ಒಂದು ಪೂರ್ತಿ ವಾಕ್ಯ. ನನಗೆ ಖುಷಿ ತಡೆಯಲಾಗದೆ ವೆರಿ ಗುಡ್ ಅಂತ ಕೂಗಿ ಚಪ್ಪಾಳೆ ತಟ್ಟಿದೆ, ಎಲ್ಲರ ಕೈಲೂ ತಟ್ಟಿಸಿದೆ.

ಹಿಂದಿನಿಂದ ಮೇಡಂ ಕೇಳಿದರು: “ಹಂಗಾದ್ರೆ ಇವತ್ತೇ ಹಿಡಿದಿಟ್ಕೋಬೇಕಲ್ವಾ ಮುನಿರತ್ನಮ್ಮ?”

ಮುನಿರತ್ನಮ್ಮ ಒಂದು ಗಳಿಗೆ ಬೋರ್ಡು ನೋಡಿದರು. ಇನ್ನೊಂದು ಸಲ ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ಚೀಲ ಎತ್ತಿಕೊಂಡು ಹೊರಟರು. ಅವರ ಬೀದಿಯವರೆಲ್ಲ ಹಿಂದೆಯೇ ಹೊರಟರು. ನೋಡ ನೋಡುತ್ತಾ ಅರ್ಧ ತರಗತಿ ಖಾಲಿ. ನನಗೆ ಸಿಟ್ಟು ನೆತ್ತಿಗೇರಿತು. ಪಾಠ ಕೆಡಿಸಿಬಿಟ್ರಲ್ಲ ಮೇಡಂ ಅಂದೆ. ಅವರು ನಿಧಾನಕ್ಕೆ ಮಂಡಿ ಹಿಡಿದುಕೊಂಡು ಎದ್ದು ಬಂದರು.

“ಅಲ್ಲಮ್ಮಾ, ಅವರು ಓದಿದ್ರು, ಅದಕ್ಕೇ ಹೋದ್ರು. ನೀನು ಚಪ್ಪಾಳೆ ತಟ್ಟಿದ್ದು ಮಗುಗೆ. ಅವರು ಮಗು ಅಲ್ಲ. ದೊಡ್ಡೋರು ಓದಿದಾಗ ಹೊಗಳಬೇಡ. ಓದಿದ್ದಕ್ಕೆ ಉತ್ತರ ಕೊಡು.”

ಇದರಲ್ಲಿ ನಗೆಪಾಟಲಿನ ಸಂಗತಿ ಏನೆಂದರೆ, ಆ ಟ್ಯಾಂಕಿನ ನೀರೇ ನಮ್ಮ ಮನೆಗೂ ಬರುವುದು. ಸೂಚನೆಯನ್ನು ಒಂದಕ್ಷರ ತಪ್ಪದೆ ಬರೆದುಕೊಂಡು ಬಂದಿದ್ದ ನಾನು ಮನೆಯಲ್ಲಿ ಒಂದು ಬಿಂದಿಗೆಯನ್ನೂ ತುಂಬಿಸಿರಲಿಲ್ಲ. ನನಗೆ ಅದು ಪಾಠವಾಗಿತ್ತು, ಸೂಚನೆಯಾಗಿರಲಿಲ್ಲ. ಮಾರನೆಯ ದಿನ ಮುನಿರತ್ನಮ್ಮನ ಮನೆಯಿಂದ ಎರಡು ಬಿಂದಿಗೆ ತಂದು ಅಡುಗೆ ಮಾಡಿದೆ. ಇದನ್ನು ಮುಂದಿನ ತರಬೇತಿಯಲ್ಲಿ ಮುನಿರತ್ನಮ್ಮನ ಹೆಸರು ಹೇಳದೆ ವಿವರಿಸಿದಾಗ ಮೇಡಂ ತುಟಿಯ ಮೂಲೆಯಲ್ಲಿ ನಕ್ಕರು. ಲೋಟ ಹಿಡಿದುಕೊಂಡು ನನ್ನ ಕಡೆ ಬಂದರು ಕೂಡ. ಆಗ ಯಾರೋ ಏನೋ ಕೇಳಿದರು, ಅತ್ತ ತಿರುಗಿ ಮಾತಾಡುತ್ತಾ ತಾವೇ ಕುಡಿದುಬಿಟ್ಟರು.

ಇನ್ನೊಂದು ಕಥೆ, ಭಾನುವಾರದ್ದು. ಶನಿವಾರ ತರಬೇತಿ ಮುಗಿಯುವಾಗ, ನಾಳೆ ಬೆಳಗ್ಗೆ ಏಳಕ್ಕೆ ಎಲ್ಲರೂ ಮತ್ತೆ ಬನ್ನಿ ಅಂದರು. ಕುಂದಾಣದಲ್ಲಿ ನನ್ನ ತಂಗಿಯ ಮಗುವಿಗೆ ಅವತ್ತೇ ನಾಮಕರಣ. ಒಳಗೊಳಗೇ ಬೈದುಕೊಂಡು ತಲೆ ಆಡಿಸಿದೆ. ಶಿವಣ್ಣ ಹಾಲು ಕರೆಯುವುದನ್ನು ಹೆಂಡತಿಗೆ ಒಪ್ಪಿಸಿ ಬಂದರು. ಏಳಕ್ಕೆ ಹೋದರೆ ಶೆಡ್ಡಿಗೆ ಬೀಗ. ಮೇಡಂ ಮೆಟ್ಟಿಲ ಮೇಲೆ ಕೂತಿದ್ದಾರೆ.

“ಒಬ್ರಾದ್ರೂ ಬೇಡ ಅಂತೀರೇನೋ ಅಂತ ನಿನ್ನೆ ಕಾಯ್ದೆ,” ಅಂದರು. “ಫ್ಯಾಕ್ಟರಿಲಿ ಓಟಿ ಮಾಡು ಅಂದಾಗ ಆ ಹೆಣ್ಮಕ್ಕಳು ತಲೆ ಆಡಿಸೋದು ಯಾರನ್ನ ನೋಡಿ? ನಿಮಗೇ ಬೇಡ ಅನ್ನೋಕೆ ಬರಲ್ಲ, ಅವರಿಗೇನು ಕಲಿಸ್ತೀರಿ. ಹೋಗಿ, ಮನೆಗೆ ಹೋಗಿ.”

ನನಗೆ ಬಾಯಿ ಸ್ವಲ್ಪ ಜಾಸ್ತಿ. ಇದನ್ನ ನಿನ್ನೆನೇ ಹೇಳಬಹುದಿತ್ತಲ್ಲ ಮೇಡಂ ಅಂದೆ. ನಿನ್ನೆ ನೀನೂ ಹೇಳಬಹುದಿತ್ತು ಅಂದರು. ಬಸ್ಸು ಸಿಗದೆ ನಾಮಕರಣಕ್ಕೆ ಹೋಗುವಷ್ಟರಲ್ಲಿ ಮಗುವಿಗೆ ಹೆಸರಿಟ್ಟಾಗಿತ್ತು, ತಂಗಿ ಮುಖ ಊದಿಸಿಕೊಂಡಿದ್ದಳು.

ಅಲ್ಲಿಂದಾಚೆಗೆ ನಮ್ಮಲ್ಲಿ ಅದೊಂದು ಕಟ್ಟಳೆಯಾಯಿತು. ಕನ್ನಡವಾಗಲಿ ಇಂಗ್ಲಿಷಾಗಲಿ, ದೊಡ್ಡವರಿಗೆ ಕಲಿಸುವ ಮೊದಲ ಪದಗಳಲ್ಲಿ ‘ಬೇಡ’ ಇರಲೇಬೇಕು. ಹೆಸರು ಬರೆಯುವುದಕ್ಕಿಂತ ಮುಂಚೆ ಅದು. ಅದು ಬರದವರಿಗೆ ಮಿಕ್ಕದ್ದು ಕಲಿಸಿದರೆ ಅವರನ್ನು ಹೇಳಿದ ಹಾಗೆ ಕೇಳುವವರನ್ನಾಗಿ ಮಾಡಿದಂತಾಯಿತು ಎಂಬುದು ಮೇಡಂ ವಾದ. ನನ್ನ ಕೈ ಈಗ ತಾನಾಗಿಯೇ ಆ ಪದದ ಕಾರ್ಡು ಬರೆಯುತ್ತದೆ.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು, ಮಾತು ನಿಂತಿತು. ಅದಕ್ಕಿಂತ ಆಶ್ಚರ್ಯದ್ದೆಂದರೆ ಓದು ಹೋಗಿತ್ತು. ನಾವು ಹೇಳಿದ್ದು ತಿಳಿಯುತ್ತದೆ, ಜನರ ಗುರುತು ಸಿಗುತ್ತದೆ, ಆದರೆ ಪೇಪರು ಕೊಟ್ಟರೆ ನನಗೆ ಆ ಒಡಿಯಾ ಅಕ್ಷರ ಕಂಡಿತಲ್ಲ, ಹಾಗೆ ನೋಡುತ್ತಾರೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ದಿನಾ ಅಭ್ಯಾಸ ಮಾಡಿಸಿ, ಮೊದಲ ವರ್ಷದಲ್ಲಿ ಬಂದರೆ ಬಂತು ಅಂದಿದ್ದರಂತೆ. ಮಗ ನೆಲಮಂಗಲದ ಗೋದಾಮೊಂದರಲ್ಲಿ ಮ್ಯಾನೇಜರು, ಬೆಳಗ್ಗೆ ಹೋದರೆ ಸಂಜೆಗೆ ಬರುವುದು. ಹತ್ತಿರದಲ್ಲಿರುವವಳು ನಾನು ಅಂತ ನನ್ನನ್ನು ಕೇಳಿದರು. “ಅಮ್ಮ ಒಂದು ಪದ ಓದಿದ್ರೂ ಸಾಕು ಮೇಡಂ. ನಿಮ್ಮಿಂದ ಆಗದೆ ಇನ್ಯಾರಿಂದ ಆಗುತ್ತೆ?” ಅಂದರು. ಒಪ್ಪಿಕೊಂಡೆ. ಅವರನ್ನು ನಾನೇ ವಾಪಸು ತರುತ್ತೇನೆ ಎಂದು ಹಟ ಹಿಡಿದಿದ್ದೆ ಅಂದರೂ ಸರಿಯೇ.

ಶಾಲೆ ಬಿಟ್ಟ ಮೇಲೆ, ಬಾಶೆಟ್ಟಿಹಳ್ಳಿಗೆ ಹೋಗುವ ಮುಂಚೆ, ಅವರ ಮನೆ. ಆಸ್ಪತ್ರೆಯವರು ಕೊಟ್ಟಿದ್ದ ಕಾರ್ಡುಗಳಲ್ಲಿ ಆನೆ, ಸೇಬು, ಬಲೂನು. ಅವನ್ನು ಎತ್ತಿಟ್ಟೆ. ಅವರ ದಿನಕ್ಕೆ ಬೇಕಾದ ಪದಗಳನ್ನು ದಪ್ಪಗೆ ಬರೆದೆ: ಟೀ, ನೀರು, ಫ್ಯಾನು, ಬಾಗಿಲು, ನೋವು, ಬೇಡ. ಬರೆದದ್ದನ್ನು ನೋಡಿ ಅವರ ಎಡಗಣ್ಣಿನಲ್ಲಿ ಏನೋ ಆಡಿತು, ಅಥವಾ ನನಗೆ ಹಾಗನ್ನಿಸಿತು.

ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಸೊಸೆ ಒಳ್ಳೆಯ ಹೆಂಗಸು, ಮೇಡಂ ಕೈ ಎತ್ತಿದರೆ ಸಾಕು, “ವೆರಿ ಗುಡ್ ಅತ್ತೆ” ಅಂತ ಚಪ್ಪಾಳೆ ತಟ್ಟುತ್ತಿದ್ದರು. ಒಂದೊಂದು ಚಪ್ಪಾಳೆಗೂ ಮೇಡಂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ತಟ್ಟಬೇಡಿ ಅಂತ ಹೇಳಿ ನೋಡಿದೆ. ಪ್ರೀತಿಯಿಂದ ತಟ್ಟುವ ಕೈಯನ್ನು ಹೇಗೆ ಹಿಡಿಯುವುದು? ಮರೆತು ಮತ್ತೆ ತಟ್ಟುತ್ತಿದ್ದರು. ಬರಬರುತ್ತಾ ನಾನು ಹೋದರೆ ಮೇಡಂ ಮುಖವನ್ನು ಗೋಡೆ ಕಡೆ ತಿರುಗಿಸಲು ಶುರು ಮಾಡಿದರು. ಬಲವಂತಕ್ಕೆ ತರಗತಿಗೆ ಬಂದವರು ಹಾಗೆ ತಿರುಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೂ ಬಿಡಲಿಲ್ಲ. ಕಾರ್ಡು ಹಿಡಿದೆ, ಓದಿದೆ, ಹಿಡಿದೆ, ಓದಿದೆ.

ಒಂದು ದಿನ ಮಗನಿಗೆ ರಜೆ, ಮನೆಯಲ್ಲೇ ಇದ್ದರು. ಸೊಸೆ ಮೇಡಂ ಅವರ ಸ್ಟೀಲ್ ಲೋಟದಲ್ಲಿ ಟೀ ತಂದು ಕುಡಿಸುತ್ತಿದ್ದರು, ಅರ್ಧಕ್ಕೆ ನಿಲ್ಲಿಸಿ ಅವರ ಮುಂದಿನ ಮಣೆಯಂಥ ಮೇಜಿನ ಮೇಲಿಟ್ಟರು. ನಾನು ಪಕ್ಕದಲ್ಲಿ ಕಾರ್ಡುಗಳನ್ನು ಹರಡಿದೆ. ಮೇಡಂ ಬಹಳ ಹೊತ್ತು ನೋಡಿದರು. ಎಡಗೈ ಎದ್ದಿತು, ಅಲ್ಲಾಡುತ್ತಾ ಹೋಗಿ ಒಂದು ಕಾರ್ಡಿನ ಮೇಲೆ ಕೂತಿತು. ಬಾಯಿ ತೆರೆಯಿತು. ಮೊದಲು ಬರೀ ಉಸಿರು. ಆಮೇಲೆ ದನಿ.

“ಬೇ... ಡ.”

ಸೊಸೆ ಚಪ್ಪಾಳೆ ತಟ್ಟುತ್ತಾ ಅಳಲು ಶುರು ಮಾಡಿದರು. ಮಗ ಓಡಿ ಬಂದು ಇನ್ನೊಂದ್ಸಲ ಅಮ್ಮ, ಇನ್ನೊಂದ್ಸಲ ಅಂತ ಫೋನು ಹಿಡಿದರು. ನನ್ನ ಕೈಗಳೂ ಎದ್ದಿದ್ದವು. ಮೇಡಂ ಮಗನನ್ನಾಗಲಿ ಸೊಸೆಯನ್ನಾಗಲಿ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ತರಗತಿಯಲ್ಲಿ ಹಿಂದುಗಡೆ ಹೆಂಗಸರ ಪಕ್ಕ ಕೂತು ನೋಡುತ್ತಿದ್ದರಲ್ಲ, ಅದೇ ನೋಟ. ಕೈ ಇಳಿಸಿದೆ.

“ಏನು ಬೇಡ ಮೇಡಂ?” ಅಂದೆ.

ಅವರು ಅಂಗೈಯಿಂದ ಕಾರ್ಡುಗಳನ್ನೆಲ್ಲ ನನ್ನ ಕಡೆಗೆ ತಳ್ಳಿದರು.

“ಇವತ್ತಿಗೆ ಮಾತ್ರ ಬೇಡ್ವಾ?”

ಇಲ್ಲ ಎಂದು ತಲೆಯಾಡಿಸಿದರು.

“ಇನ್ಮೇಲೂ ಬೇಡ್ವಾ?”

ಒಂದೇ ಸಲ, ಸ್ಪಷ್ಟವಾಗಿ, ಹೌದು ಎಂದು ತಲೆ ತಗ್ಗಿಸಿದರು.

ಮಗ ನನ್ನ ಮುಂದೆ ಬಂದು ನಿಂತರು. ಈಗ ತಾನೇ ಮಾತು ಬಂದಿದೆ, ಅಮ್ಮ ಏನೋ ಓದಬೇಕು ಅಂತ ಓದಿದಾರೆ, ಅದನ್ನೇ ಹಿಡ್ಕೊಂಡು ನಿಲ್ಲಿಸಬೇಡಿ ಅಂದರು. ಇನ್ನೆರಡು ತಿಂಗಳು ಸಾಕು ಅಂದರು. ಕೈ ಮುಗಿದರು. ಅವರು ಹೇಳುತ್ತಿದ್ದುದರಲ್ಲಿ ತಪ್ಪೇನೂ ಇರಲಿಲ್ಲ. ಒಂದು ಪದ ಬಂದವರಿಗೆ ಹತ್ತು ಬರಬಹುದಿತ್ತು. ಅದು ನನಗೂ ಗೊತ್ತಿತ್ತು. ನನಗೆ ಅವರಿಗಿಂತ ಹೆಚ್ಚಾಗಿ ಬೇಕಿತ್ತು.

“ಅವರು ಓದಿದಾರೆ ಸಾರ್,” ಅಂದೆ. “ಅರ್ಥ ಆಗಿನೇ ಓದಿದಾರೆ.”

ಕಾರ್ಡುಗಳನ್ನು ಒಟ್ಟು ಮಾಡಿ ಚೀಲಕ್ಕೆ ಹಾಕಿದೆ. ಆಯ್ತು ಮೇಡಂ, ಬೇಡ ಅಂದೆ. ಮಗ ಫೋನನ್ನು ಮಂಚದ ಮೇಲೆ ಬಿಸಾಡಿ ಹೊರಗೆ ಹೋದರು. ಅದಾದ ಮೇಲೂ ನಾನು ಹೋಗುತ್ತಿದ್ದೆ, ಬರಿಗೈಲಿ. ಕಿಟಕಿ ಪಕ್ಕ ಇಬ್ಬರೂ ಸುಮ್ಮನೆ ಮಗ್ಗದ ಸದ್ದು ಕೇಳಿಕೊಂಡು ಕೂತಿರುತ್ತಿದ್ದೆವು. ಮೇಡಂ ಗೋಡೆ ಕಡೆ ತಿರುಗುವುದು ನಿಂತಿತು. ಆದರೆ ಇನ್ನೊಂದು ಪದ ಅವರ ಬಾಯಿಂದ ಬರಲಿಲ್ಲ. ಹೋಗುವವರೆಗೂ ಬರಲಿಲ್ಲ. ಆ ಮನೆಯಲ್ಲಿ ಅದಕ್ಕೆ ಕಾರಣ ನಾನು, ಇವತ್ತಿಗೂ.

ಆದರೆ ಮೇಡಂ ಬೇಡ ಅಂದ ಆ ದಿನವೇ ಇನ್ನೊಂದು ನಡೆಯಿತು. ಮಗ ಹೊರಗೆ ಹೋದ ಮೇಲೆ ನಾನು ಚೀಲ ಹೆಗಲಿಗೇರಿಸಿ ಏಳಲು ಹೊರಟೆ. ಮೇಡಂ ಎಡಗೈ ಮತ್ತೆ ಮೇಜಿನ ಮೇಲೆ ಬಂತು. ಲೋಟದ ಹತ್ತಿರ ಹೋಯಿತು. ಕುಡಿಸಬೇಕೇನೋ ಅಂತ ಸೊಸೆ ಬಗ್ಗಿದರು. ಮೇಡಂ ಮೊಣಕೈಯಿಂದ ಅವರನ್ನು ಮೆಲ್ಲಗೆ ತಡೆದರು. ಎತ್ತಿ ಬಗ್ಗಿಸುವ ಶಕ್ತಿ ಆ ಕೈಗಿರಲಿಲ್ಲ. ಬೆರಳಿನ ಹಿಂಬದಿಯಿಂದ ಲೋಟವನ್ನು ಸ್ವಲ್ಪ ಸ್ವಲ್ಪವೇ ನೂಕಿದರು, ಮೇಜಿನ ಈ ತುದಿಗೆ, ನನ್ನ ಕಡೆಗೆ.

ಅರ್ಧ ಲೋಟವಿತ್ತು. ಆರಿ ಕೆನೆ ಕಟ್ಟಿತ್ತು. ಕುಡಿದೆ. ಲೋಟ ತೊಳೆದಿಟ್ಟು ತರಗತಿಗೆ ಹೊರಟೆ.